ಕಸಿಯಾದ ಶ್ವಾಸಕೋಶದೊಳಗೆ ವರ್ಷ ಕಳೆದಂತೆ ಏನಾಗುತ್ತದೆ?

ಪೊಲೀಸರು ಸಿಗ್ನಲ್‌ಗಳನ್ನು ತೆರವು ಮಾಡಿಸುತ್ತಾರೆ, ಆಂಬುಲೆನ್ಸ್ ಆಸ್ಪತ್ರೆಯಿಂದ ವಿಮಾನ ನಿಲ್ದಾಣದ ಕಡೆ ಓಡುತ್ತದೆ. ‘ಗ್ರೀನ್ ಕಾರಿಡಾರ್’ ಸುದ್ದಿಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ, ಅಲ್ವಾ? 2020ರಲ್ಲಿ ಚೆನ್ನೈನಲ್ಲಿ ಕೋವಿಡ್‌ನಿಂದ ಶ್ವಾಸಕೋಶ ಹಾಳಾದ ರೋಗಿಗೆ ಎರಡೂ ಶ್ವಾಸಕೋಶಗಳ ಕಸಿ ನಡೆದ ಮೇಲಂತೂ ಈ ಮಾತು ಮನೆಮನೆಗೆ ತಲುಪಿತು. ಆದರೆ ಸುದ್ದಿ ಆಪರೇಷನ್ ಥಿಯೇಟರ್ ಬಾಗಿಲಲ್ಲೇ ಮುಗಿದುಹೋಗುತ್ತದೆ. ರೋಗಿ ಮನೆಗೆ ಹೋದ ಮೇಲೆ, ಐದು ವರ್ಷ ಆದ ಮೇಲೆ, ಆ ಶ್ವಾಸಕೋಶದ ಒಳಗೆ ಏನು ನಡೆಯುತ್ತಿರುತ್ತದೆ?

ಬಹಳ ಜನ ಕಸಿ ಅಂದರೆ ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಹಾಕುವುದು, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಹೊಸ ಶ್ವಾಸಕೋಶದ ಅಂಗಾಂಶ ಮೊದಲ ಗಂಟೆಯಿಂದಲೇ ಬದಲಾಗಲು ಶುರುವಾಗುತ್ತದೆ, ವರ್ಷಗಟ್ಟಲೆ ಬದಲಾಗುತ್ತಲೇ ಇರುತ್ತದೆ. ಅದರಲ್ಲಿ ಅತಿ ಕೆಟ್ಟ ಬದಲಾವಣೆ ನಡೆಯುವುದು ಎರಡು ಮಿಲಿಮೀಟರ್‌ಗಿಂತ ಸಣ್ಣ ಗಾಳಿನಾಳಗಳಲ್ಲಿ. ಅಲ್ಲಿಗೆ ಕ್ಯಾಮೆರಾ ಹೋಗುವುದಿಲ್ಲ, ಸ್ಕ್ಯಾನ್‌ನಲ್ಲಿ ಅದು ನೇರವಾಗಿ ಕಾಣುವುದಿಲ್ಲ, ಬಯಾಪ್ಸಿಗೂ ಎಷ್ಟೋ ಸಲ ಸಿಗುವುದಿಲ್ಲ. ಹಾಗಾಗಿ ಕಸಿ ಮಾಡಿಸಿಕೊಂಡವರು ದಿನಾ ಒಂದು ಪುಟ್ಟ ಯಂತ್ರಕ್ಕೆ ಊದಿ ಬರೆದಿಡುವ ಅಂಕಿಗೆ ಅಷ್ಟು ಬೆಲೆ. ಈ ಲೇಖನ ಬರೆಯುತ್ತಿರುವುದೇ ಆ ಅಂಕಿಯ ಹಿಂದೆ ಏನಿದೆ ಅಂತ ತಿಳಿಸಲು.

ಮೊದಲ ತೊಡಕು: ಹೊಲಿಗೆ

ಮನುಷ್ಯನಿಗೆ ಮೊದಲ ಬಾರಿ ಶ್ವಾಸಕೋಶ ಕಸಿ ಮಾಡಿದ್ದು ಅಮೆರಿಕದ ಮಿಸಿಸಿಪ್ಪಿಯಲ್ಲಿ, 1963ರ ಜೂನ್‌ನಲ್ಲಿ. ಶಸ್ತ್ರಚಿಕಿತ್ಸಕ ಜೇಮ್ಸ್ ಹಾರ್ಡಿ. ರೋಗಿ ಬದುಕಿದ್ದು 18 ದಿನ. ಆಮೇಲೆ ಸುಮಾರು ಇಪ್ಪತ್ತು ವರ್ಷ ಜಗತ್ತಿನ ಬೇರೆ ಬೇರೆ ಕಡೆ ಪ್ರಯತ್ನಗಳು ನಡೆದವು, ದೀರ್ಘಕಾಲ ಬದುಕಿದವರು ಯಾರೂ ಇಲ್ಲ. 1968ರಲ್ಲಿ ಬೆಲ್ಜಿಯಂನಲ್ಲಿ ಕಸಿ ಮಾಡಿಸಿಕೊಂಡ ಒಬ್ಬರು ಸುಮಾರು ಹತ್ತು ತಿಂಗಳು ಬದುಕಿದ್ದೇ ಆಗ ದೊಡ್ಡ ವಿಷಯವಾಗಿತ್ತು.

ಮೊದಲ ವಾರ ದಾಟಿದವರಲ್ಲಿ ಅನೇಕರನ್ನು ಬಲಿ ತೆಗೆದುಕೊಂಡದ್ದು ಶ್ವಾಸನಾಳದ ಹೊಲಿಗೆ. ಅದು ವಾಸಿಯಾಗದೆ ಬಿಟ್ಟುಕೊಳ್ಳುತ್ತಿತ್ತು. ಕಾರಣ ಅಂಗಾಂಶದಲ್ಲೇ ಇದೆ. ಶ್ವಾಸಕೋಶಕ್ಕೆ ರಕ್ತ ಬರುವ ದಾರಿ ಎರಡು. ದೊಡ್ಡದು ಪಲ್ಮನರಿ ಅಪಧಮನಿ, ಹೃದಯದಿಂದ ಆಮ್ಲಜನಕ ಕಡಿಮೆ ಇರುವ ರಕ್ತವನ್ನು ತರುತ್ತದೆ. ಸಣ್ಣದು ಬ್ರಾಂಕಿಯಲ್ ಅಪಧಮನಿ, ಶ್ವಾಸನಾಳದ ಗೋಡೆಗೆ ಒಳ್ಳೆಯ, ಆಮ್ಲಜನಕ ತುಂಬಿದ ರಕ್ತ ಕೊಡುವುದು ಇದೇ. ಕಸಿ ಮಾಡುವಾಗ ದೊಡ್ಡ ರಕ್ತನಾಳಗಳನ್ನು ಸೇರಿಸಿ ಹೊಲಿಯುತ್ತಾರೆ. ಸಣ್ಣದನ್ನು ಹೆಚ್ಚಿನ ಕಡೆ ಸೇರಿಸುವುದೇ ಇಲ್ಲ. ಅಂದರೆ ಹೊಲಿಗೆ ಹಾಕಿದ ಜಾಗದ ಶ್ವಾಸನಾಳ ಕೆಲವು ವಾರ ತನ್ನದೇ ಅಪಧಮನಿ ಇಲ್ಲದೆ, ಪಲ್ಮನರಿ ಕಡೆಯಿಂದ ಹಿಮ್ಮುಖವಾಗಿ ಸೋಸಿ ಬರುವ ಅಷ್ಟಿಷ್ಟು ರಕ್ತದ ಮೇಲೆ ಬದುಕಬೇಕು. ಆಮೇಲೆ ಹೊಸ ಸಣ್ಣ ರಕ್ತನಾಳಗಳು ಹೊಲಿಗೆಯನ್ನು ದಾಟಿ ಬೆಳೆಯುತ್ತವೆ. ಅಷ್ಟರೊಳಗೆ ಅಲ್ಲಿನ ಅಂಗಾಂಶ ಸತ್ತರೆ ಹೊಲಿಗೆ ಬಿಡುತ್ತದೆ. ಅರ್ಧಂಬರ್ಧ ವಾಸಿಯಾದರೆ ಗಾಯದ ಕಲೆ ಕಟ್ಟಿ ನಾಳ ಕಿರಿದಾಗುತ್ತದೆ. ಈಗಲೂ ಕೆಲವರಿಗೆ ಅಲ್ಲಿ ಬಲೂನ್ ಹಾಕಿ ಅಗಲ ಮಾಡಬೇಕಾಗುತ್ತದೆ, ಸ್ಟೆಂಟ್ ಇಡಬೇಕಾಗುತ್ತದೆ.

ಕೆನಡಾದ ಟೊರಾಂಟೊದಲ್ಲಿ ಜೋಯೆಲ್ ಕೂಪರ್ ಮತ್ತು ಅವರ ತಂಡ ಈ ಹೊಲಿಗೆಯ ಬೆನ್ನು ಹತ್ತಿತು. ಶುರುವಿನ ದಿನಗಳಲ್ಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೆರಾಯ್ಡ್ ಜಾಸ್ತಿ ಕೊಟ್ಟರೆ ಗಾಯ ಮಾಯುವುದಿಲ್ಲ ಎಂದು ಅವರು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಕೊಂಡರು. ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನು ಮೇಲಕ್ಕೆಳೆದು ಹೊಲಿಗೆಯ ಸುತ್ತ ಸುತ್ತಿದರು, ಅದರಲ್ಲಿನ ರಕ್ತನಾಳಗಳು ಹೊಲಿಗೆಗೆ ಆಸರೆಯಾಗಲಿ ಅಂತ. ಅದೇ ಹೊತ್ತಿಗೆ, ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಎಂಬ ಔಷಧಿ ಕೈಗೆ ಬಂದಿತ್ತು, ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ತೆಗೆದದ್ದು. 1983ರಲ್ಲಿ ಅವರು ಮಾಡಿದ ಒಂದು ಶ್ವಾಸಕೋಶದ ಕಸಿ ಗೆದ್ದಿತು, ರೋಗಿ ವರ್ಷಗಟ್ಟಲೆ ಬದುಕಿದರು. 1986ರಲ್ಲಿ ಎರಡೂ ಶ್ವಾಸಕೋಶಗಳ ಕಸಿಯೂ ಗೆದ್ದಿತು.

ಮೊದಲ ಮೂರು ದಿನ

ದಾನಿಯ ದೇಹದಿಂದ ತೆಗೆದ ಶ್ವಾಸಕೋಶವನ್ನು ತಣ್ಣಗಿನ ದ್ರಾವಣದಲ್ಲಿ ಇಟ್ಟು ತರುತ್ತಾರೆ. ಆ ಹೊತ್ತಿನಲ್ಲಿ ಅದಕ್ಕೆ ರಕ್ತವಿಲ್ಲ. ಸೇರಿಸಿ ಹೊಲಿದು ಮತ್ತೆ ರಕ್ತ ಬಿಟ್ಟಾಗ ಒಳ್ಳೆಯದಾಗಬೇಕಲ್ಲವೇ? ಆಗುತ್ತದೆ, ಆದರೆ ಜೊತೆಗೆ ಒಂದು ಪೆಟ್ಟೂ ಬೀಳುತ್ತದೆ. ಹಸಿದಿದ್ದ ಜೀವಕೋಶಗಳಿಗೆ ಒಮ್ಮೆಲೇ ಆಮ್ಲಜನಕ ಸಿಕ್ಕಾಗ ಅಪಾಯಕಾರಿ ಆಮ್ಲಜನಕದ ಅಣುಗಳು ಹುಟ್ಟುತ್ತವೆ, ರಕ್ತನಾಳದ ಒಳಪದರ ಸೋರಲು ಶುರುವಾಗುತ್ತದೆ, ಬಿಳಿ ರಕ್ತಕಣಗಳು ನುಗ್ಗುತ್ತವೆ. ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ. ಇದು ಜೋರಾಗಿದ್ದರೆ ಸೂಕ್ಷ್ಮದರ್ಶಕದಲ್ಲಿ ಗಾಳಿಚೀಲದ ಒಳಗೋಡೆಗೆ ಅಂಟಿಕೊಂಡ ಗುಲಾಬಿ ಬಣ್ಣದ ಗಾಜಿನಂಥ ಪೊರೆ ಕಾಣುತ್ತದೆ. ಸತ್ತ ಕಣಗಳ ಚೂರು ಮತ್ತು ಸೋರಿದ ಪ್ರೋಟೀನ್ ಸೇರಿ ಆದ ಪೊರೆ ಅದು. ಆಮ್ಲಜನಕ ದಾಟಲು ಅದೇ ಅಡ್ಡಿ.

ವೈದ್ಯರು ಮೊದಲ 72 ಗಂಟೆ ಕಣ್ಣಿಟ್ಟು ನೋಡುವುದು ಇದನ್ನೇ. ಹೆಚ್ಚಿನವರಲ್ಲಿ ಇಳಿಯುತ್ತದೆ. ಆದರೆ ಈ ಮೊದಲ ಪೆಟ್ಟು ಜೋರಾಗಿ ಬಿದ್ದವರಿಗೆ ವರ್ಷಗಳ ನಂತರ ಬರುವ ದೀರ್ಘಕಾಲದ ತೊಂದರೆಯೂ ಹೆಚ್ಚು. ಅಂಗಾಂಶ ಮರೆಯುವುದಿಲ್ಲ.

ಒಂದೇ ಅಂಗ, ಇಬ್ಬರ ಜೀವಕೋಶ

ನನಗೆ ಈ ಇಡೀ ವಿಷಯದಲ್ಲಿ ಅತಿ ಬೆರಗಿನ ಭಾಗ ಇದು. ಶ್ವಾಸಕೋಶದ ಜೊತೆ ದಾನಿಯ ರೋಗನಿರೋಧಕ ಕಣಗಳೂ ಬರುತ್ತವೆ. ಅವು ಅಂಗಾಂಶದಲ್ಲೇ ಮನೆ ಮಾಡಿಕೊಂಡಿರುವ ಕಣಗಳು, ಕಸಿಯಾದ ವರ್ಷದ ಮೇಲೂ ಕೆಲವರಲ್ಲಿ ಅಲ್ಲೇ ಇರುತ್ತವೆ. ಇನ್ನೊಂದು ಕಡೆ ಶ್ವಾಸಕೋಶ ಪಡೆದವರ ರಕ್ತದಿಂದ ಅವರ ಕಣಗಳು ಒಳಗೆ ಬಂದು ಸೇರುತ್ತಾ ಹೋಗುತ್ತವೆ. ಹೆಣ್ಣಿನ ಶ್ವಾಸಕೋಶವನ್ನು ಗಂಡಿಗೆ ಹಾಕಿದ್ದರೆ ಇದನ್ನು ಕಣ್ಣಾರೆ ನೋಡಬಹುದು. ವೈ ಕ್ರೋಮೋಸೋಮನ್ನು ಹೊಳೆಯುವ ಬಣ್ಣದಿಂದ ಗುರುತಿಸಿದಾಗ, ಇಡೀ ಹೆಣ್ಣು ಅಂಗಾಂಶದ ನಡುವೆ ಅಲ್ಲಲ್ಲಿ ಗಂಡು ಕಣಗಳು ಬೆಳಗುತ್ತವೆ. ಬಿಳಿ ರಕ್ತಕಣಗಳಷ್ಟೇ ಅಲ್ಲ, ಗಾಳಿನಾಳದ ಒಳಪದರದಲ್ಲೂ ಕೆಲವು.

ಆದರೂ ಶ್ವಾಸಕೋಶದ ಮುಖ್ಯ ಕಟ್ಟಡ ದಾನಿಯದೇ ಆಗಿ ಉಳಿಯುತ್ತದೆ. ಇದರಿಂದ ಒಂದು ಸಂಗತಿ ಸಲೀಸಾಗಿ ಅರ್ಥವಾಗುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದ ಬರುವ, ಜೀನ್‌ನ ದೋಷ. ಕಸಿ ಮಾಡಿದ ಶ್ವಾಸಕೋಶದಲ್ಲಿ ಅದು ಮರುಕಳಿಸುವುದಿಲ್ಲ, ಏಕೆಂದರೆ ಅಲ್ಲಿನ ಒಳಪದರದ ಜೀನ್‌ಗಳು ದಾನಿಯವು. ಅದೇ, ಶ್ವಾಸಕೋಶದಲ್ಲಿ ಸಣ್ಣ ಗಂಟುಗಳು ಕಟ್ಟುವ ಸಾರ್ಕಾಯ್ಡೋಸಿಸ್ ರೋಗ ಹೊಸ ಶ್ವಾಸಕೋಶದಲ್ಲೂ ಮತ್ತೆ ಕಾಣಿಸಿಕೊಳ್ಳಬಹುದು. ಅದನ್ನು ಹುಟ್ಟಿಸುವುದು ಪಡೆದವರ ರೋಗನಿರೋಧಕ ಕಣಗಳು, ಅವು ಬದಲಾಗಿಲ್ಲವಲ್ಲ.

ತೀವ್ರ ತಿರಸ್ಕಾರ: ನೀಲಿ ಉಂಗುರ

ಮೊದಲ ವರ್ಷದಲ್ಲಿ ಸರಿಸುಮಾರು ನಾಲ್ಕು ಜನರಲ್ಲಿ ಒಬ್ಬರಿಗಾದರೂ ತೀವ್ರ ತಿರಸ್ಕಾರಕ್ಕೆ, ಅಂದರೆ ಆಸ್ಪತ್ರೆಯಲ್ಲಿ ‘ರಿಜೆಕ್ಷನ್’ ಅನ್ನುವುದಕ್ಕೆ, ಚಿಕಿತ್ಸೆ ಬೇಕಾಗುತ್ತದೆ. ಪಡೆದವರ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ದಾನಿಯ ಜೀವಕೋಶಗಳ ಮೇಲಿನ ಗುರುತನ್ನು ಪರಕೀಯ ಅಂತ ಓದುತ್ತವೆ. ಬೇರೆ ಬಹುತೇಕ ಅಂಗಗಳಿಗಿಂತ ಶ್ವಾಸಕೋಶದಲ್ಲಿ ಇದು ಜಾಸ್ತಿ. ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಹೊರಗಾಳಿ ಒಳಗೆ ಹೋಗಿ ಬರುವ ಅಂಗ ಅದು. ಧೂಳು, ವೈರಸ್, ಬೂಷ್ಟಿನ ಬೀಜಕಣ ಎಲ್ಲವೂ ಅಲ್ಲಿಗೇ. ಹಾಗಾಗಿ ಅಲ್ಲಿನ ಕಾವಲು ಸದಾ ಎಚ್ಚರವಾಗಿರುತ್ತದೆ. ಮೂತ್ರಪಿಂಡಕ್ಕೆ ಈ ಕಾಟ ಇಲ್ಲ.

ಬಯಾಪ್ಸಿ ಹೇಗೆ ಮಾಡುತ್ತಾರೆ ಅಂತ ಹತ್ತಿರದಿಂದ ನೋಡೋಣ. ಬ್ರಾಂಕೋಸ್ಕೋಪ್ ಎಂಬ ತೆಳ್ಳನೆಯ ಕೊಳವೆಯನ್ನು ಮೂಗು ಅಥವಾ ಬಾಯಿಂದ ಇಳಿಸಿ, ಅದರೊಳಗಿಂದ ಚಿಕ್ಕ ಇಕ್ಕಳ ತೂರಿಸಿ, ಒಂದೆರಡು ಮಿಲಿಮೀಟರ್‌ನ ಚೂರುಗಳನ್ನು ಕಚ್ಚಿ ತೆಗೆಯುತ್ತಾರೆ. ಗಾಳಿಚೀಲಗಳಿರುವ ಕನಿಷ್ಠ ಐದು ಚೂರಾದರೂ ಇರಬೇಕು, ಇಲ್ಲದಿದ್ದರೆ ಅಂಗಾಂಶ ಪರೀಕ್ಷಿಸುವ ವೈದ್ಯರು, ಅಂದರೆ ಪೆಥಾಲಜಿಸ್ಟ್, ಖಚಿತವಾಗಿ ಹೇಳಲಾರರು. ಚೂರುಗಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕುತ್ತಾರೆ. ಜೀವಕೋಶದ ಕೇಂದ್ರ ನೀಲಿ, ಉಳಿದದ್ದು ಗುಲಾಬಿ. ಲಿಂಫೋಸೈಟ್‌ನಲ್ಲಿ ಕೇಂದ್ರವೇ ಜಾಸ್ತಿ, ಹಾಗಾಗಿ ಅದು ಕಡುನೀಲಿ ಚುಕ್ಕೆ.

ಆರೋಗ್ಯವಾದ ಚೂರಿನಲ್ಲಿ ಸಣ್ಣ ರಕ್ತನಾಳದ ಸುತ್ತ ಜಾಗ ಖಾಲಿ ಇರುತ್ತದೆ. ತಿರಸ್ಕಾರ ಶುರುವಾದಾಗ ಆ ರಕ್ತನಾಳವನ್ನು ನೀಲಿ ಚುಕ್ಕೆಗಳು ಸುತ್ತುವರಿಯುತ್ತವೆ. ಎರಡು ಮೂರು ಕಣಗಳ ದಪ್ಪದ ಉಂಗುರವಾದರೆ ಎ1. ಉಂಗುರ ದಪ್ಪವಾಗಿ, ಕಡಿಮೆ ಹಿಗ್ಗಿಸಿ ನೋಡಿದರೂ ಎದ್ದು ಕಂಡರೆ ಎ2. ಕಣಗಳು ಉಂಗುರ ಬಿಟ್ಟು ಪಕ್ಕದ ಗಾಳಿಚೀಲದ ಗೋಡೆಗೆ ನುಗ್ಗಿದ್ದರೆ ಎ3. ಎಲ್ಲೆಡೆ ಹರಡಿ ಗಾಳಿಚೀಲದ ಕಣಗಳೇ ಸಾಯುತ್ತಿದ್ದರೆ ಎ4. ಗಾಳಿನಾಳದ ಸುತ್ತಲಿನ ಉರಿಯೂತಕ್ಕೆ ಬೇರೆ, ಬಿ ಎಂಬ ಅಂಕ. 1990ರಲ್ಲಿ ಶುರುವಾಗಿ ಎರಡು ಸಲ ತಿದ್ದಿದ ಈ ಲೆಕ್ಕವನ್ನು ಜಗತ್ತಿನಾದ್ಯಂತ ಬಳಸುತ್ತಾರೆ, ನಮ್ಮ ಊರಿನ ಲ್ಯಾಬ್ ರಿಪೋರ್ಟಿನಲ್ಲಿ ‘ಎ2 ಬಿ0’ ಅಂತ ಬರೆದಿದ್ದರೆ ಅದರ ಅರ್ಥ ಇಷ್ಟೇ.

ತೊಡಕೆಂದರೆ ಸೋಂಕಿನಲ್ಲೂ ಲಿಂಫೋಸೈಟ್‌ಗಳು ಗುಂಪುಗೂಡುತ್ತವೆ. ತಿರಸ್ಕಾರಕ್ಕೆ ಸ್ಟೆರಾಯ್ಡ್ ಕೊಡಬೇಕು, ಸೋಂಕಿದ್ದಾಗ ಸ್ಟೆರಾಯ್ಡ್ ಕೊಟ್ಟರೆ ಸೋಂಕು ಹೆಚ್ಚುತ್ತದೆ. ಸೈಟೋಮೆಗಾಲೋ ವೈರಸ್ ಆದರೆ ಸುಳಿವು ಸಿಗಬಹುದು: ಉಬ್ಬಿದ ದೊಡ್ಡ ಜೀವಕೋಶ, ಕೇಂದ್ರದಲ್ಲಿ ಗಟ್ಟಿ ಗಾಢ ಗುಂಡು, ಅದರ ಸುತ್ತ ಬಿಳಿ ಅಂಚು. ಎಲ್ಲ ಸೋಂಕೂ ಹೀಗೆ ಗುರುತು ಬಿಡುವುದಿಲ್ಲ. ಹಾಗಾಗಿ ಶ್ವಾಸಕೋಶ ತೊಳೆದ ನೀರಿನ ಪರೀಕ್ಷೆ, ರಕ್ತದಲ್ಲಿ ದಾನಿಯ ವಿರುದ್ಧ ಹುಟ್ಟಿದ ಆಂಟಿಬಾಡಿಗಳ ಪರೀಕ್ಷೆ ಎಲ್ಲವನ್ನೂ ಸೇರಿಸಿ ನೋಡಬೇಕಾಗುತ್ತದೆ. ಆಂಟಿಬಾಡಿಯಿಂದ ಆಗುವ ತಿರಸ್ಕಾರದಲ್ಲಿ ನೀಲಿ ಉಂಗುರ ಇಲ್ಲದೆಯೂ ಹಾನಿ ನಡೆಯಬಹುದು.

ತೀವ್ರ ತಿರಸ್ಕಾರ ಬಹುಪಾಲು ಚಿಕಿತ್ಸೆಗೆ ಬಗ್ಗುತ್ತದೆ. ಭಯ ಅದರದ್ದಲ್ಲ. ಅದು ಮೇಲಿಂದ ಮೇಲೆ ಬಂದರೆ ಮುಂದೆ ಬರುವುದರ ಭಯ.

ಗಾಳಿನಾಳ ಕಾಣೆಯಾಗುವುದು

1984ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ಒಂದು ವಿಷಯ ವರದಿ ಮಾಡಿದರು. ಹೃದಯ ಮತ್ತು ಶ್ವಾಸಕೋಶ ಒಟ್ಟಿಗೆ ಕಸಿಯಾಗಿ ಚೆನ್ನಾಗಿದ್ದ ಕೆಲವರಿಗೆ, ತಿಂಗಳುಗಳು ಕಳೆದ ಮೇಲೆ ಉಸಿರು ಹೊರಬಿಡುವುದು ಕಷ್ಟವಾಗುತ್ತಾ ಬಂದಿತ್ತು. ಅಂಗಾಂಶದಲ್ಲಿ ಸಣ್ಣ ಗಾಳಿನಾಳಗಳು ಗಾಯದ ಕಲೆಯಿಂದ ಮುಚ್ಚಿಹೋಗಿದ್ದವು. ಇವತ್ತಿಗೂ ಶ್ವಾಸಕೋಶ ಕಸಿಯ ದೊಡ್ಡ ಶತ್ರು ಇದೇ. ಐದು ವರ್ಷ ಆಗುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ದೀರ್ಘಕಾಲದ ಕಸಿ ವೈಫಲ್ಯ ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಚಿಕ್ಕದಾಗಿ ‘ಕ್ಲ್ಯಾಡ್’ ಅನ್ನುತ್ತಾರೆ. ಶ್ವಾಸಕೋಶ ಪಡೆದ ದೊಡ್ಡವರಲ್ಲಿ ಅರ್ಧ ಜನ ಆರೇಳು ವರ್ಷ ದಾಟುವುದಿಲ್ಲ ಎನ್ನುವ ಅಂತರರಾಷ್ಟ್ರೀಯ ಲೆಕ್ಕಕ್ಕೆ ಮುಖ್ಯ ಕಾರಣವೂ ಇದೇ.

ನಡೆಯುವುದು ಹೀಗೆ. ಸಣ್ಣ ಗಾಳಿನಾಳದ ಒಳಪದರಕ್ಕೆ ಪದೇ ಪದೇ ಪೆಟ್ಟು ಬೀಳುತ್ತದೆ. ಹೊಡೆಯುವುದು ಲಿಂಫೋಸೈಟ್ ಇರಬಹುದು, ವೈರಸ್ ಇರಬಹುದು, ಹೊಟ್ಟೆಯಿಂದ ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುವ ಆಮ್ಲ ಇರಬಹುದು. ಮಾಮೂಲಿಯಾಗಿ ಒಳಪದರ ತಾನೇ ಮತ್ತೆ ಬೆಳೆದು ಮುಚ್ಚಿಕೊಳ್ಳುತ್ತದೆ. ಪೆಟ್ಟು ನಿಲ್ಲದಿದ್ದರೆ ರಿಪೇರಿ ದಾರಿ ತಪ್ಪುತ್ತದೆ. ನಾರು ನೇಯುವ ಜೀವಕೋಶಗಳು ಒಳಪದರದ ಕೆಳಗೆ ಬಂದು ಕಾಲಜನ್ ಸುರಿಯುತ್ತವೆ. ಪದರದ ಮೇಲೆ ಪದರ ಕಟ್ಟಿ, ನಡುವಿನ ತೂತು ಕಿರಿದಾಗಿ, ಕೊನೆಗೆ ಇಲ್ಲವೇ ಇಲ್ಲ ಅನ್ನುವಂತಾಗುತ್ತದೆ.

ಇದನ್ನು ಪೆಥಾಲಜಿಸ್ಟ್ ಹುಡುಕುವ ರೀತಿ ನೋಡಿ. ಶ್ವಾಸಕೋಶದಲ್ಲಿ ಪ್ರತಿ ಸಣ್ಣ ಗಾಳಿನಾಳದ ಪಕ್ಕ ಒಂದು ಅಪಧಮನಿ ಜೊತೆಯಾಗಿ ಸಾಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಅಪಧಮನಿ ಒಂಟಿಯಾಗಿ ಕಂಡರೆ ಅನುಮಾನ ಬರುತ್ತದೆ: ಇದರ ಜೊತೆಗಾರ ಎಲ್ಲಿ? ಮಾಮೂಲಿ ಬಣ್ಣದಲ್ಲಿ ಅಲ್ಲಿ ಒಂದು ಗುಲಾಬಿ ಕಲೆ ಮಾತ್ರ ಕಾಣುತ್ತದೆ. ಎಲಾಸ್ಟಿಕ್ ನಾರನ್ನು ಕಪ್ಪಾಗಿಸುವ ಬೇರೆ ಬಣ್ಣ ಹಾಕಿದರೆ ಆ ಕಲೆಯೊಳಗೆ ಒಂದು ಕಪ್ಪು ವೃತ್ತ ಮೂಡುತ್ತದೆ. ಗಾಳಿನಾಳ ಹೋಗಿದೆ, ಅದರ ಗೋಡೆಯ ಗುರುತು ಉಳಿದಿದೆ.

ಆದರೆ ಈ ಹಾನಿ ಅಲ್ಲಲ್ಲಿ ಆಗುವಂಥದ್ದು. ಇಕ್ಕಳ ಕಚ್ಚಿದ ಐದಾರು ಚೂರಿನಲ್ಲಿ ಮುಚ್ಚಿದ ನಾಳ ಸಿಗದೇ ಇರಬಹುದು. ಬಯಾಪ್ಸಿ ನಾರ್ಮಲ್ ಅಂತ ಬಂದರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಬೆಲ್ಜಿಯಂನ ಲೂವೆನ್‌ನಲ್ಲಿ ಸಂಶೋಧಕರು, ಮರುಕಸಿಯ ಹೊತ್ತಿನಲ್ಲಿ ಹೊರತೆಗೆದ ಹಳೆಯ ಶ್ವಾಸಕೋಶಗಳನ್ನು ಮೈಕ್ರೋ ಸಿಟಿ ಎಂಬ ಅತಿ ಸೂಕ್ಷ್ಮ ಸ್ಕ್ಯಾನ್‌ನಲ್ಲಿ ಇಟ್ಟು ನೋಡಿದಾಗಲೇ ಸಣ್ಣ ನಾಳಗಳು ಎಷ್ಟೆಲ್ಲ ಕಡೆ ಮುಚ್ಚಿವೆ, ಮುಚ್ಚಿದ ಜಾಗದ ಮುಂದೆ ಕೆಲವು ಮತ್ತೆ ತೆರೆದೇ ಇವೆ ಅನ್ನುವುದು ಸ್ಪಷ್ಟವಾದದ್ದು.

ಹನಿ ನೀರಾವರಿ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾವಿರಾರು ಡ್ರಿಪ್ಪರ್‌ಗಳಲ್ಲಿ ನೂರು ಕಟ್ಟಿಕೊಂಡರೂ ಮೋಟರ್ ಹತ್ತಿರ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಬಹಳ ಕಟ್ಟಿರುತ್ತವೆ. ಶ್ವಾಸಕೋಶದ ಸಣ್ಣ ನಾಳಗಳೂ ಸಾವಿರಾರು, ಅಕ್ಕಪಕ್ಕದಲ್ಲೇ ಕೆಲಸ ಮಾಡುವಂಥವು. ಮೊದಮೊದಲು ಮುಚ್ಚಿದ್ದು ರೋಗಿಯ ಅನುಭವಕ್ಕೇ ಬರುವುದಿಲ್ಲ.

ಕ್ಲ್ಯಾಡ್‌ನಲ್ಲಿ ಎರಡನೆಯ ಬಗೆಯೂ ಇದೆ. 2011ರಲ್ಲಿ ಟೊರಾಂಟೊದವರು ಅದನ್ನು ಬೇರೆ ಮಾಡಿ ತೋರಿಸಿದರು. ಇದರಲ್ಲಿ ನಾಳಗಳು ಮುಚ್ಚುವುದರ ಜೊತೆಗೆ ಶ್ವಾಸಕೋಶದ ಹೊರಪದರ ಮತ್ತು ಅದರ ಕೆಳಗಿನ ಗಾಳಿಚೀಲಗಳು ದಪ್ಪ ನಾರಾಗಿಬಿಡುತ್ತವೆ, ಹೆಚ್ಚಾಗಿ ಮೇಲ್ಭಾಗದಲ್ಲಿ. ಶ್ವಾಸಕೋಶ ಹಿಗ್ಗುವುದೇ ಕಡಿಮೆಯಾಗುತ್ತದೆ. ಇದು ಕಡಿಮೆ ಜನರಿಗೆ ಬರುತ್ತದೆ, ಆದರೆ ಬೇಗ ಕೆಡಿಸುತ್ತದೆ.

ಊದುವ ಅಂಕಿ

ಸ್ಪೈರೋಮೀಟರ್‌ಗೆ ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನುವುದೇ ಎಫ್‌ಇವಿ1. ಕಸಿಯ ನಂತರ ಮೂರು ವಾರವಾದರೂ ಅಂತರದಲ್ಲಿ ಬಂದ ಎರಡು ಅತ್ಯುತ್ತಮ ಅಂಕಿಗಳ ಸರಾಸರಿ ಆ ವ್ಯಕ್ತಿಯ ಅಳತೆಗೋಲು. ಉದಾಹರಣೆಗೆ ಅದು 3 ಲೀಟರ್ ಅನ್ನೋಣ. 2.7ಕ್ಕೆ ಇಳಿದರೆ ವೈದ್ಯರು ಕಾರಣ ಹುಡುಕಲು ಶುರು ಮಾಡುತ್ತಾರೆ. 2.4ಕ್ಕೆ, ಅಂದರೆ ಶೇ 20ರಷ್ಟು ಇಳಿದು, ಸೋಂಕು, ನಾಳದ ಹೊಲಿಗೆ ಕಿರಿದಾಗುವುದು, ತೀವ್ರ ತಿರಸ್ಕಾರ ಇವೆಲ್ಲಕ್ಕೆ ಚಿಕಿತ್ಸೆ ಕೊಟ್ಟರೂ ಮೂರು ತಿಂಗಳು ಮೇಲೇಳದಿದ್ದರೆ ಕ್ಲ್ಯಾಡ್ ಖಚಿತ ಎನ್ನುತ್ತಾರೆ. ಬಯಾಪ್ಸಿ ಬೇಕೇಬೇಕು ಅಂತಿಲ್ಲ.

ಇನ್ನೊಂದು ಮುಖ್ಯ ಸಂಗತಿ: ಕಸಿ ಮಾಡುವಾಗ ಶ್ವಾಸಕೋಶದ ನರಗಳು ಕತ್ತರಿಸಿಹೋಗುತ್ತವೆ. ಹೊಲಿಗೆಯಿಂದ ಕೆಳಗೆ ಕಫ ಸೇರಿದರೂ ಕೆಮ್ಮು ಬರದಿರಬಹುದು. ಅಂದರೆ ನಮ್ಮಂಥವರಿಗೆ ಎಚ್ಚರಿಕೆ ಕೊಡುವ ಕೆಮ್ಮು ಅವರಿಗೆ ನಂಬಿಕೆಯ ಗುರುತಲ್ಲ. ‘ಆರಾಮಾಗಿದ್ದೀನಿ, ಸುಮ್ನೆ ಯಾಕೆ ದಿನಾ ಊದಬೇಕು?’ ಅಂತ ಕೇಳುವವರಿಗೆ ಉತ್ತರ ಇದು. ಆರಾಮಾಗಿದ್ದಾಗಲೇ ಊದಬೇಕು.

ಮನೆಯಲ್ಲಿ ಕಾಯಬೇಕಾದ್ದೂ ಇದೆ. ಈಗ ಹೆಚ್ಚಾಗಿ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟ ರಕ್ತದಲ್ಲಿ ಇಳಿದರೆ ತಿರಸ್ಕಾರ, ಏರಿದರೆ ಮೂತ್ರಪಿಂಡಕ್ಕೆ ಹಾನಿ. ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಎಲ್ಲ ಪಟ್ಟಿಯಲ್ಲೂ ಇರುತ್ತದೆ. ನಮ್ಮ ಕಡೆ ಆ ಹಣ್ಣು ಯಾರು ತಿನ್ನುತ್ತಾರೆ? ಆದರೆ ಅದರ ಹತ್ತಿರದ ನೆಂಟ ಚಕ್ಕೋತ, ನಮ್ಮ ದೇವನಹಳ್ಳಿಯ ಹೆಸರಾಂತ ಹಣ್ಣು. ಅದೂ ಈ ಔಷಧಿಯ ಮಟ್ಟವನ್ನು ಏರಿಸಬಲ್ಲದು. ಪಟ್ಟಿಯಲ್ಲಿ ಚಕ್ಕೋತದ ಹೆಸರಿಲ್ಲದಿದ್ದರೂ ಬಿಡುವುದೇ ಲೇಸು. ಕೊಳೆತ ಎಲೆ, ಗೊಬ್ಬರದ ಗುಂಡಿ, ಒದ್ದೆಯಾದ ಹುಲ್ಲಿನ ಬಣವೆ, ಬಾಲ್ಕನಿಯಲ್ಲಿ ಒಣಗಿದ ಪಾರಿವಾಳದ ಹಿಕ್ಕೆ, ಇವುಗಳ ಧೂಳಿನಲ್ಲಿ ಬೂಷ್ಟಿನ ಬೀಜಕಣಗಳಿರುತ್ತವೆ. ಆಸ್ಪರ್ಜಿಲಸ್ ಬೂಷ್ಟು ಕಸಿಯಾದ ಶ್ವಾಸಕೋಶದಲ್ಲಿ ಬೇಗ ನೆಲೆಯೂರುತ್ತದೆ. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ, ಒಳಗೆ ಮಲಗಿದ್ದ ಕ್ಷಯದ ರೋಗಾಣು ರೋಗನಿರೋಧಕ ಶಕ್ತಿ ತಗ್ಗಿದಾಗ ಏಳುತ್ತದೆ.

ಅಂಕಿ ಇಳಿಯತೊಡಗಿದರೆ ಏನು ಮಾಡುತ್ತಾರೆ? ಮೊದಲು ಸರಿಪಡಿಸಬಹುದಾದ ಕಾರಣಗಳನ್ನು ಹುಡುಕುತ್ತಾರೆ. ಅಜಿಥ್ರೋಮೈಸಿನ್ ಎಂಬ ಮಾಮೂಲಿ ಆಂಟಿಬಯಾಟಿಕ್ಕನ್ನು ವಾರಕ್ಕೆ ಕೆಲವು ಸಲ, ತಿಂಗಳುಗಟ್ಟಲೆ ಕೊಡುತ್ತಾರೆ. ಸೋಂಕಿಗಲ್ಲ, ಉರಿಯೂತ ತಗ್ಗಿಸಲು. ಕೆಲವರಲ್ಲಿ ಇಳಿದ ಅಂಕಿ ಮತ್ತೆ ಏರುತ್ತದೆ. ಫೋಟೋಫೆರೆಸಿಸ್ ಅಂತ ಇನ್ನೊಂದು ದಾರಿ ಇದೆ: ರಕ್ತ ಹೊರತೆಗೆದು, ಬಿಳಿ ಕಣಗಳನ್ನು ಬೇರ್ಪಡಿಸಿ, ಔಷಧಿ ಸೇರಿಸಿ, ನೇರಳಾತೀತ ಬೆಳಕು ಬಿಟ್ಟು ವಾಪಸು ಕೊಡುತ್ತಾರೆ. ಅದು ಇಳಿತದ ವೇಗ ತಗ್ಗಿಸಬಹುದು. ನಾರಾಗಿ ಮುಚ್ಚಿಹೋದ ನಾಳವನ್ನು ತೆರೆಯುವ ಔಷಧಿ ಇನ್ನೂ ಇಲ್ಲ. ಅದಕ್ಕೇ ವೈದ್ಯರು ಶೇ 10ರ ಇಳಿತಕ್ಕೇ ಫೋನ್ ಮಾಡಿ ಅನ್ನುವುದು. ಆಯ್ದ ಕೆಲವರಿಗೆ ಮರುಕಸಿ ಮಾಡುತ್ತಾರೆ. ಅದಕ್ಕೆ ಮತ್ತೊಬ್ಬ ದಾನಿ ಬೇಕು, ಮತ್ತೆ ಸರದಿಯಲ್ಲಿ ಕಾಯಬೇಕು. ಕರ್ನಾಟಕದಲ್ಲಿ ಆ ಸರದಿಯನ್ನು ನೋಡಿಕೊಳ್ಳುವುದು ಸರ್ಕಾರದ ‘ಜೀವಸಾರ್ಥಕತೆ’ ಸಂಸ್ಥೆ. ಅಂಗದಾನಕ್ಕೆ ಹೆಸರು ಬರೆಸುವುದೂ ಅಲ್ಲೇ.